ಹೇಳಿಕೆಗೆ ಮೊದಲು ತೀರ್ಮಾನ: ಬಿಕ್ಕಟ್ಟಿನಲ್ಲಿ ಕಂಪನಿಗಳು ಜನರೊಂದಿಗೆ ಮಾತನಾಡುವ ಬಗೆ

ಪ್ರಶ್ನೆ: ನಾನು ಗೃಹೋಪಯೋಗಿ ಉಪಕರಣಗಳನ್ನು ತಯಾರಿಸುವ ಮಧ್ಯಮ ಗಾತ್ರದ ಕಂಪನಿಯೊಂದರ ಸಾರ್ವಜನಿಕ ಸಂಪರ್ಕ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ನಮ್ಮ ನೀರು ಕಾಯಿಸುವ ಉಪಕರಣವೊಂದು ಹೊತ್ತಿಕೊಂಡು ಗ್ರಾಹಕರೊಬ್ಬರ ಕೈ ಸುಟ್ಟ ವಿಡಿಯೊ ಸಾಮಾಜಿಕ ಜಾಲತಾಣಗಳಲ್ಲಿ ಹರಡಿತು. ತನಿಖೆ ಮುಗಿಯುವವರೆಗೆ ಏನನ್ನೂ ಹೇಳಬಾರದೆಂದು ವಕೀಲರು ಸೂಚಿಸಿದ್ದರಿಂದ ನಾಲ್ಕು ದಿನ ಸುಮ್ಮನಿದ್ದೆವು. ಐದನೆಯ ದಿನ ಎರಡು ಪುಟಗಳ ಹೇಳಿಕೆ ಕೊಟ್ಟೆವು. ಜನರ ಸಿಟ್ಟು ಅದರಿಂದ ಇನ್ನೂ ಹೆಚ್ಚಿತು. ಇಂಥ ಸಂದರ್ಭವನ್ನು ಸರಿಯಾಗಿ ನಿಭಾಯಿಸಿದ ಕಂಪನಿಗಳು ಏನು ಮಾಡಿವೆ? ತಕ್ಷಣ ಮಾತನಾಡಬೇಕೆ, ಸತ್ಯಾಂಶ ತಿಳಿಯುವವರೆಗೆ ಕಾಯಬೇಕೆ? ಕ್ಷಮೆ ಕೇಳಿದರೆ ನ್ಯಾಯಾಲಯದಲ್ಲಿ ತಪ್ಪೊಪ್ಪಿಗೆ ಎನಿಸಿಕೊಳ್ಳುವುದಿಲ್ಲವೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾಲ್ಕು ದಿನ ಏಕೆ ಮಾತನಾಡಲಿಲ್ಲ, ಐದನೆಯ ದಿನ ಏನಾಯಿತು ಎಂಬುದೆಲ್ಲ ಅದರಲ್ಲಿದೆ. ಆದರೆ ಆ ನಾಲ್ಕು ದಿನಗಳಲ್ಲಿ ಆ ಮಾದರಿಯ ಮಾರಾಟವನ್ನು ನಿಲ್ಲಿಸಿದ್ದಿರಾ, ಗಾಯಗೊಂಡವರನ್ನು ಕಂಪನಿಯ ಕಡೆಯಿಂದ ಯಾರಾದರೂ ಹೋಗಿ ಕಂಡರಾ, ಅದೇ ಉಪಕರಣವನ್ನು ಮನೆಯಲ್ಲಿಟ್ಟುಕೊಂಡು ದಿನವೂ ಬಳಸುತ್ತಿರುವ ಉಳಿದ ಗ್ರಾಹಕರಿಗೆ ಏನು ತಿಳಿಸಿದಿರಿ ಎಂಬುದರ ಬಗ್ಗೆ ಒಂದು ಸಾಲೂ ಇಲ್ಲ. ನಿಮ್ಮ ಹೇಳಿಕೆಯನ್ನು ಓದಿದ ಜನರಿಗೂ ಇದೇ ಕೊರತೆ ಕಂಡಿರಬಹುದು. ತಡವಾದದ್ದಕ್ಕೆ ಒಂದಿಷ್ಟು ಸಿಟ್ಟು ಇದ್ದೇ ಇರುತ್ತದೆ. ತಡವಾಗಿ ಬಂದ ಎರಡು ಪುಟಗಳಲ್ಲಿಯೂ ಅವರು ಹುಡುಕುತ್ತಿದ್ದ ಉತ್ತರ ಸಿಗದಿದ್ದಾಗ ಆ ಸಿಟ್ಟು ಇಮ್ಮಡಿಯಾಗುತ್ತದೆ.

ಈ ಕ್ಷೇತ್ರದಲ್ಲಿ ಬಹಳ ವರ್ಷ ಕಳೆದ ಮೇಲೆ ನನಗೆ ದೃಢವಾಗಿರುವುದು ಇಷ್ಟು: ಬಿಕ್ಕಟ್ಟಿನ ಹೊತ್ತಿನಲ್ಲಿ ಕಂಪನಿಯ ಮಾತು ಅದರ ಹಿಂದಿರುವ ತೀರ್ಮಾನಕ್ಕಿಂತ ಉತ್ತಮವಾಗಿರಲು ಸಾಧ್ಯವಿಲ್ಲ. ಆಡಳಿತ ಮಂಡಳಿ ಏನನ್ನೂ ತೀರ್ಮಾನಿಸದೆ, ‘ಒಂದು ಒಳ್ಳೆಯ ಹೇಳಿಕೆ ಬರೆದುಕೊಡಿ’ ಎಂದು ನಿಮ್ಮಂಥವರ ಮುಂದೆ ಕಾಗದ ಇಟ್ಟರೆ, ಎಂಥ ನಿಪುಣರು ಬರೆದರೂ ಅದು ಟೊಳ್ಳಾಗಿಯೇ ಕಾಣಿಸುತ್ತದೆ. ಆದ್ದರಿಂದ ಸಂಪರ್ಕ ವಿಭಾಗದವರ ಮೊದಲ ಕೆಲಸ ಬರೆಯುವುದಲ್ಲ. ‘ಈ ಕ್ಷಣದಲ್ಲಿ ಅಪಾಯದಲ್ಲಿರುವವರು ಯಾರು, ಅವರಿಗಾಗಿ ನಾವು ಏನು ಮಾಡಲು ತೀರ್ಮಾನಿಸಿದ್ದೇವೆ’ ಎಂದು ಮೇಲಿನವರನ್ನು ಕೇಳುವುದು. ಉತ್ತರ ಬರುವವರೆಗೂ ಆ ಪ್ರಶ್ನೆಯನ್ನು ಬಿಡದೆ ಕೇಳುವ ಧೈರ್ಯ ಬೇಕು.

ಈ ಮಾತಿಗೆ ಬೆಂಬಲವಾಗಿ ನಿಲ್ಲುವ ಪ್ರಕರಣ ಹಳೆಯದು, ಆದರೆ ವಿವರವಾಗಿ ನೋಡುವಂಥದ್ದು. 1982ರ ಸೆಪ್ಟೆಂಬರ್ ಕೊನೆಯಲ್ಲಿ ಅಮೆರಿಕದ ಷಿಕಾಗೊ ಪ್ರದೇಶದಲ್ಲಿ ಟೈಲೆನಾಲ್ ಎಂಬ ನೋವು ನಿವಾರಕ ಕ್ಯಾಪ್ಸೂಲ್ ನುಂಗಿದ ಏಳು ಮಂದಿ ಸತ್ತರು. ಅಂಗಡಿಗಳಲ್ಲಿದ್ದ ಬಾಟಲಿಗಳ ಕ್ಯಾಪ್ಸೂಲ್‌ಗಳಿಗೆ ಯಾರೋ ಸಯನೈಡ್ ತುಂಬಿದ್ದರು. ಅದು ಯಾರ ಕೃತ್ಯವೆಂಬುದು ಇಂದಿಗೂ ಸಾಬೀತಾಗಿಲ್ಲ. ತಯಾರಕರಾದ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯ ಕಾರ್ಖಾನೆಯಲ್ಲಿ ತಪ್ಪು ನಡೆದಿರಲಿಲ್ಲ. ‘ನಮ್ಮದೇನೂ ತಪ್ಪಿಲ್ಲ, ಪೊಲೀಸರು ನೋಡಿಕೊಳ್ಳುತ್ತಾರೆ’ ಎಂದು ಹೇಳಿ ಕೈತೊಳೆದುಕೊಳ್ಳಲು ಅವಕಾಶವಿತ್ತು. ಮುಖ್ಯಸ್ಥರಾಗಿದ್ದ ಜೇಮ್ಸ್ ಬರ್ಕ್ ಆ ದಾರಿ ಹಿಡಿಯಲಿಲ್ಲ. ಕಂಪನಿಯು ಜಾಹೀರಾತುಗಳನ್ನು ನಿಲ್ಲಿಸಿತು, ಕ್ಯಾಪ್ಸೂಲ್ ಬಳಸಬೇಡಿ ಎಂದು ತಾನೇ ಎಚ್ಚರಿಸಿತು, ಮೊದಲು ಅನುಮಾನವಿದ್ದ ಬ್ಯಾಚಿನ ಬಾಟಲಿಗಳನ್ನೂ ಬಳಿಕ ಅಕ್ಟೋಬರ್ ಮೊದಲ ವಾರದಲ್ಲಿ ಇಡೀ ದೇಶದಲ್ಲಿದ್ದ ಸುಮಾರು 3.1 ಕೋಟಿ ಬಾಟಲಿಗಳನ್ನೂ ಹಿಂಪಡೆಯಿತು. ಅದಕ್ಕೆ ತಗುಲಿದ ವೆಚ್ಚ 10 ಕೋಟಿ ಡಾಲರಿಗೂ ಹೆಚ್ಚು. ನೋವು ನಿವಾರಕಗಳ ಮಾರುಕಟ್ಟೆಯಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿದ್ದ ಟೈಲೆನಾಲ್‌ನ ಪಾಲು ಕೆಲವೇ ವಾರಗಳಲ್ಲಿ ಶೇ 10ಕ್ಕಿಂತ ಕೆಳಗಿಳಿಯಿತು. ಒಂದು ವರ್ಷದೊಳಗೆ ಅದರ ಬಹುಭಾಗ ಮರಳಿ ಬಂತು.

ಈ ಪ್ರಕರಣವನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಅದಕ್ಕಿಂತ ಮುಖ್ಯವೆನಿಸುವ ಎರಡು ಸಂಗತಿಗಳಿವೆ. ಮೊದಲನೆಯದು, ತನ್ನ ಕಾರ್ಖಾನೆಗಳಲ್ಲಿ ಸಯನೈಡ್ ಇಲ್ಲವೇ ಇಲ್ಲ ಎಂದು ಕಂಪನಿ ಪತ್ರಕರ್ತರಿಗೆ ಆರಂಭದಲ್ಲಿ ಹೇಳಿತ್ತು. ಬಳಿಕ ಗುಣಮಟ್ಟ ಪರೀಕ್ಷೆಯ ಪ್ರಯೋಗಾಲಯದಲ್ಲಿ ಅದನ್ನು ಅಲ್ಪ ಪ್ರಮಾಣದಲ್ಲಿ ಬಳಸುತ್ತಿದ್ದುದು ಗೊತ್ತಾದಾಗ, ಹಿಂದಿನ ಮಾತು ತಪ್ಪಾಗಿತ್ತೆಂದು ತಾನೇ ತಿಳಿಸಿತು. ಅದನ್ನು ಮುಚ್ಚಿಟ್ಟಿದ್ದು ಬೇರೆಯವರಿಂದ ಹೊರಬಿದ್ದಿದ್ದರೆ, ಉಳಿದ ಒಳ್ಳೆಯ ಕೆಲಸವನ್ನೆಲ್ಲ ಆ ಒಂದು ಸುಳ್ಳು ನುಂಗಿಬಿಡುತ್ತಿತ್ತು. ಎರಡನೆಯದು, ಬಿಕ್ಕಟ್ಟಿನ ಬಳಿಕ ಉತ್ಪನ್ನವೇ ಬದಲಾಯಿತು. ಯಾರಾದರೂ ತೆರೆದಿದ್ದರೆ ಕಣ್ಣಿಗೆ ಕಾಣುವಂತೆ ಮೂರು ಪದರಗಳಲ್ಲಿ ಮುದ್ರೆಯೊತ್ತಿದ ಬಾಟಲಿಗಳು ಅದೇ ವರ್ಷ ಬಂದವು. 1986ರಲ್ಲಿ ಮತ್ತೊಬ್ಬರು ಇದೇ ರೀತಿ ಸತ್ತಾಗ, ಅಂಗಡಿಯಲ್ಲಿ ನೇರವಾಗಿ ಸಿಗುವ ಔಷಧಗಳನ್ನು ಕ್ಯಾಪ್ಸೂಲ್ ರೂಪದಲ್ಲಿ ಮಾರುವುದನ್ನೇ ಕಂಪನಿ ಕೈಬಿಟ್ಟಿತು. ಜನರ ನಂಬಿಕೆ ಮರಳಿ ಬರಲು ಅಂಗಡಿಯಲ್ಲಿ ಕಣ್ಣಿಗೆ ಬೀಳುತ್ತಿದ್ದ ಆ ಹೊಸ ಬಾಟಲಿ ಎಷ್ಟು ಕಾರಣವೋ ಮುಖ್ಯಸ್ಥರ ಮಾತು ಅಷ್ಟು ಕಾರಣವಿರಲಾರದು ಎಂಬುದು ನನ್ನ ಅಭಿಪ್ರಾಯ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ತಕ್ಷಣ ಮಾತನಾಡುವುದು, ಸತ್ಯಾಂಶಕ್ಕಾಗಿ ಕಾಯುವುದು ಇವೆರಡರಲ್ಲಿ ಒಂದನ್ನು ಆರಿಸಬೇಕೆಂಬ ಭಾವನೆಯೇ ನಿಮ್ಮನ್ನು ನಾಲ್ಕು ದಿನ ಕಟ್ಟಿಹಾಕಿತು. ತಕ್ಷಣ ಹೇಳಬೇಕಾದದ್ದು ಕಾರಣವನ್ನಲ್ಲ. ಏನು ನಡೆದಿದೆಯೆಂದು ನಮಗೆ ಖಚಿತವಾಗಿ ಗೊತ್ತಿದೆ, ಏನು ಇನ್ನೂ ಗೊತ್ತಾಗಿಲ್ಲ, ಜನರು ತಮ್ಮ ಸುರಕ್ಷತೆಗಾಗಿ ಈಗಲೇ ಏನು ಮಾಡಬೇಕು, ನಾವು ಏನು ಮಾಡುತ್ತಿದ್ದೇವೆ, ಮತ್ತೆ ಯಾವ ಹೊತ್ತಿಗೆ ಮಾತನಾಡುತ್ತೇವೆ ಎಂಬಿಷ್ಟನ್ನು ಆರೇಳು ವಾಕ್ಯಗಳಲ್ಲಿ ಹೇಳಬಹುದು, ಅದಕ್ಕೆ ಯಾವ ಪ್ರಯೋಗಾಲಯದ ವರದಿಯೂ ಬೇಕಿಲ್ಲ. ಜನರಿಗೆ ಅಪಾಯವಿರುವ ಸಂದರ್ಭದಲ್ಲಿ ಇದು ಸುದ್ದಿ ತಿಳಿದ ಒಂದೆರಡು ಗಂಟೆಗಳೊಳಗೆ ಆಗಬೇಕಾದ ಕೆಲಸ. ಮೊದಲ ಹೇಳಿಕೆಯಲ್ಲಿ ಊಹೆಗೆ ಸ್ಥಳವಿಲ್ಲ, ಸಮಾಧಾನದ ಮಾತಿಗಂತೂ ಇಲ್ಲವೇ ಇಲ್ಲ. ನಾನು ವೃತ್ತಿಗೆ ಬಂದ ಹೊಸದರಲ್ಲಿ ಕಂಪನಿಯೊಂದರ ಗೋದಾಮಿಗೆ ಬೆಂಕಿ ಬಿದ್ದಾಗ, ಮೇಲಿನವರು ಹೇಳಿದ್ದನ್ನು ನಂಬಿ ‘ಸಣ್ಣ ಅವಘಡ’ ಎಂದು ಬರೆದುಕೊಟ್ಟಿದ್ದೆ. ಸಂಜೆಯ ಹೊತ್ತಿಗೆ ಆರು ಮಂದಿ ಕೆಲಸಗಾರರು ಆಸ್ಪತ್ರೆಯಲ್ಲಿದ್ದರು. ಅವರ ಮನೆಯವರು ಆ ಎರಡು ಪದಗಳನ್ನು ಓದಿದ್ದರು. ಅಂದಿನಿಂದ ಇಂದಿನವರೆಗೆ, ಪೆಟ್ಟಿನ ಗಾತ್ರವನ್ನು ಅಳೆಯುವ ವಿಶೇಷಣವನ್ನು ಮೊದಲ ಹೇಳಿಕೆಯಲ್ಲಿ ನಾನು ಬಳಸಿಲ್ಲ.

ಕೆಟ್ಟ ಸುದ್ದಿ ಹೇಗೂ ಹೊರಬೀಳುವುದಾದರೆ ಅದನ್ನು ಕಂಪನಿಯೇ ಮೊದಲು ಹೇಳುವುದು ಲೇಸು. ಅದೇ ತಪ್ಪನ್ನು ಪತ್ರಕರ್ತರು ಬಯಲಿಗೆಳೆದಾಗ ಆಗುವಷ್ಟು ಹಾನಿ, ಸಂಸ್ಥೆ ಸ್ವತಃ ಪ್ರಕಟಿಸಿದಾಗ ಆಗುವುದಿಲ್ಲ ಎಂಬುದು ಈ ವಿಷಯದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ನಿಮ್ಮ ಪ್ರಕರಣದಲ್ಲಿ ವಿಡಿಯೊ ಈಗಾಗಲೇ ಹರಡಿತ್ತು, ಆ ಅವಕಾಶ ಕಳೆದುಹೋಗಿತ್ತು. ಆದರೆ ಅದೇ ಉಪಕರಣದ ಬಗ್ಗೆ ಹಿಂದೆ ಬಂದ ದೂರುಗಳು ನಿಮ್ಮ ಸೇವಾ ಕೇಂದ್ರಗಳ ದಾಖಲೆಗಳಲ್ಲಿದ್ದರೆ, ಆ ವಿಷಯದಲ್ಲಿ ಅವಕಾಶ ಇನ್ನೂ ಇದೆ. ದಯವಿಟ್ಟು ಇಂದೇ ಹುಡುಕಿಸಿ ನೋಡಿ.

ಮೊದಲ ಹೇಳಿಕೆಯಷ್ಟೇ ಮುಖ್ಯವಾದದ್ದು, ಅದರಲ್ಲಿ ಯಾರ ನೋವು ಕಾಣಿಸುತ್ತದೆ ಎಂಬುದು. 2017ರ ಏಪ್ರಿಲ್ 9ರಂದು ಷಿಕಾಗೊದಲ್ಲಿ ಯುನೈಟೆಡ್ ಏರ್‌ಲೈನ್ಸ್ ವಿಮಾನದಲ್ಲಿ ಕುಳಿತಿದ್ದ ಪ್ರಯಾಣಿಕರೊಬ್ಬರನ್ನು, ಸಂಸ್ಥೆಯ ಸಿಬ್ಬಂದಿಗೆ ಜಾಗ ಮಾಡಿಕೊಡುವ ಸಲುವಾಗಿ, ವಿಮಾನ ನಿಲ್ದಾಣದ ಭದ್ರತಾ ಅಧಿಕಾರಿಗಳು ಆಸನದಿಂದ ಕಿತ್ತು ನೆಲದ ಮೇಲೆ ಎಳೆದೊಯ್ದರು. ಅವರ ಮುಖದಲ್ಲಿ ರಕ್ತ ಸುರಿಯುತ್ತಿದ್ದುದನ್ನು ಜಗತ್ತು ನೋಡಿತ್ತು. ಮರುದಿನ ಮುಖ್ಯ ಕಾರ್ಯನಿರ್ವಹಣಾಧಿಕಾರಿ ಆಸ್ಕರ್ ಮುನ್ಯೋಸ್ ಹೊರಡಿಸಿದ ಹೇಳಿಕೆಯಲ್ಲಿ ಕ್ಷಮೆ ಕೇಳಿದ್ದು ಪ್ರಯಾಣಿಕರಿಗೆ ಬೇರೆ ವ್ಯವಸ್ಥೆ ಮಾಡಬೇಕಾಗಿ ಬಂದದ್ದಕ್ಕೆ. ಅದೇ ದಿನ ಸಿಬ್ಬಂದಿಗೆ ಬರೆದ ಪತ್ರದಲ್ಲಿ ಆ ಪ್ರಯಾಣಿಕರೇ ಗಲಾಟೆ ಮಾಡಿದವರು ಎಂಬ ಅರ್ಥದ ಮಾತಿತ್ತು, ಆ ಪತ್ರವೂ ಹೊರಬಿತ್ತು. ಏಪ್ರಿಲ್ 11ರಂದು, ಯಾರನ್ನೂ ಹೀಗೆ ನಡೆಸಿಕೊಳ್ಳಬಾರದು ಎಂದು ಪೂರ್ಣ ಹೊಣೆ ಹೊತ್ತ ಕ್ಷಮೆಯಾಚನೆ ಬರುವಷ್ಟರಲ್ಲಿ ಹೊತ್ತು ಮೀರಿತ್ತು. ಈ ಘಟನೆಗೆ ಕೆಲವೇ ವಾರಗಳ ಹಿಂದೆ ಸಾರ್ವಜನಿಕ ಸಂಪರ್ಕ ಕ್ಷೇತ್ರದ ಪ್ರಮುಖ ಪತ್ರಿಕೆಯೊಂದು ಅದೇ ಮುನ್ಯೋಸ್ ಅವರನ್ನು ವರ್ಷದ ಶ್ರೇಷ್ಠ ಸಂವಹನಕಾರರೆಂದು ಆರಿಸಿತ್ತು. ಮಾತಿನ ಕೌಶಲದ ಕೊರತೆ ಅಲ್ಲಿರಲಿಲ್ಲ. ಆ ಮೊದಲ ದಿನ ಅವರು ತಮ್ಮ ಸಂಸ್ಥೆಯ ಕಡೆಯಿಂದ ನೋಡುತ್ತಿದ್ದರು, ಜನರು ನೆಲದ ಮೇಲೆ ಬಿದ್ದಿದ್ದ ಮನುಷ್ಯನ ಕಡೆಯಿಂದ ನೋಡುತ್ತಿದ್ದರು. ಇದರಲ್ಲಿ ಇನ್ನೊಂದು ಪಾಠವೂ ಇದೆ: ಸಿಬ್ಬಂದಿಗೆ ಒಂದು, ಹೊರಗಿನವರಿಗೆ ಒಂದು ಎಂದು ಎರಡು ಬಗೆಯಾಗಿ ಬರೆಯಬೇಡಿ. ಒಳಗೆ ಕಳಿಸುವ ಪ್ರತಿ ಪತ್ರವೂ ನಾಳೆ ಪತ್ರಿಕೆಯಲ್ಲಿ ಬರುತ್ತದೆ ಎಂದುಕೊಂಡೇ ಬರೆಯಿರಿ.

ನಾಯಕರು ಎಲ್ಲಿ ನಿಂತಿದ್ದಾರೆ ಎಂಬುದನ್ನೂ ಜನ ಗಮನಿಸುತ್ತಾರೆ. 1989ರ ಮಾರ್ಚ್ 24ರಂದು ಅಲಾಸ್ಕದ ಕಡಲತೀರದಲ್ಲಿ ಎಕ್ಸಾನ್ ವಾಲ್ಡೀಜ್ ಎಂಬ ತೈಲ ಹಡಗು ಬಂಡೆಗೆ ಬಡಿದು ಸುಮಾರು 1.1 ಕೋಟಿ ಗ್ಯಾಲನ್ ಕಚ್ಚಾ ತೈಲ ಚೆಲ್ಲಿದಾಗ, ಎಕ್ಸಾನ್ ತೈಲ ಕಂಪನಿಯ ಮುಖ್ಯಸ್ಥರು ಆ ಸ್ಥಳಕ್ಕೆ ಹೋಗಲು ಸುಮಾರು ಮೂರು ವಾರ ತೆಗೆದುಕೊಂಡರು. ತಾಂತ್ರಿಕವಾಗಿ ಅವರು ಅಲ್ಲಿ ಮಾಡುವಂಥದ್ದು ಏನೂ ಇರಲಿಲ್ಲವೆಂಬ ವಾದ ಸರಿಯೇ ಇರಬಹುದು. ಆದರೆ ಬದುಕು ಕಳೆದುಕೊಂಡ ಮೀನುಗಾರರಿಗೆ ಬೇಕಾಗಿದ್ದದ್ದು ಎಂಜಿನಿಯರ್ ಅಲ್ಲ, ಹೊಣೆ ಹೊರುವ ವ್ಯಕ್ತಿ. ಹೋದರಷ್ಟೇ ಸಾಲದು ಎಂಬುದಕ್ಕೂ ಉದಾಹರಣೆಯಿದೆ. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ತೈಲ ರಿಗ್ ಸ್ಫೋಟಗೊಂಡು 11 ಕೆಲಸಗಾರರು ಸತ್ತ ಬಳಿಕ ಬಿಪಿ ಎಂಬ ತೈಲ ಕಂಪನಿಯ ಮುಖ್ಯಸ್ಥ ಟೋನಿ ಹೇವರ್ಡ್ ಸ್ಥಳಕ್ಕೆ ಹೋಗಿದ್ದರು, ಮಾಧ್ಯಮಗಳ ಮುಂದೆಯೂ ನಿಂತಿದ್ದರು. ಆದರೆ ಮೇ ಕೊನೆಯಲ್ಲಿ, ಇದೆಲ್ಲ ಮುಗಿದು ತನ್ನ ಬದುಕು ತನಗೆ ಮರಳಿ ಬೇಕು ಎಂಬ ಅರ್ಥದ ಮಾತು ಅವರ ಬಾಯಿಂದ ಬಂತು. ಬದುಕನ್ನೇ ಕಳೆದುಕೊಂಡ ಹನ್ನೊಂದು ಮಂದಿಯ ಮನೆಯವರು ಆ ಮಾತನ್ನು ಕೇಳಿಸಿಕೊಂಡರು. ವಕ್ತಾರರಾಗಿ ನಿಲ್ಲುವವರಿಗೆ ದಣಿವಾಗುವುದು ಸಹಜ. ಹಾಗಾಗಿ ದೀರ್ಘಕಾಲದ ಬಿಕ್ಕಟ್ಟಿನಲ್ಲಿ ಅವರಿಗೆ ನಿದ್ದೆ, ಬದಲಿ ವ್ಯವಸ್ಥೆ ಎರಡನ್ನೂ ಮೊದಲೇ ಯೋಜಿಸಬೇಕು. ದಣಿದ ಮನುಷ್ಯ ತನ್ನ ಬಗ್ಗೆಯೇ ಮಾತನಾಡತೊಡಗುತ್ತಾನೆ.

ಕ್ಷಮೆಯ ಪ್ರಶ್ನೆಗೆ ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ನಿಮ್ಮಲ್ಲಿ ತೊಡಕಾಗಿರುವುದು ಅದೇ. ವಕೀಲರ ಎಚ್ಚರಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ದುಡುಕಿ ಆಡಿದ ಒಂದು ವಾಕ್ಯ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಕಾಡಬಹುದು. ಆದರೆ ಸಹಾನುಭೂತಿ, ವಿಷಾದ, ಹೊಣೆಯ ಒಪ್ಪಿಗೆ, ಕಾನೂನಿನ ದೃಷ್ಟಿಯ ತಪ್ಪೊಪ್ಪಿಗೆ ಇವೆಲ್ಲ ಒಂದೇ ಅಲ್ಲ. ‘ನಮ್ಮ ಉಪಕರಣ ಬಳಸುವಾಗ ನಿಮಗೆ ಸುಟ್ಟ ಗಾಯವಾಗಿದೆ, ಅದಕ್ಕಾಗಿ ನಮಗೆ ತುಂಬ ನೋವಾಗಿದೆ, ಚಿಕಿತ್ಸೆಯ ವೆಚ್ಚವನ್ನು ನಾವು ಭರಿಸುತ್ತೇವೆ’ ಎಂಬ ಮಾತು ದೋಷದ ಕಾರಣದ ಬಗ್ಗೆ ಏನನ್ನೂ ಒಪ್ಪಿಕೊಳ್ಳುವುದಿಲ್ಲ. ಇನ್ನು ಕೆಲವು ಕಡೆ ಕಾನೂನೇ ಈ ಭಯವನ್ನು ಕಡಿಮೆ ಮಾಡಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2006ರ ಪರಿಹಾರ ಕಾಯ್ದೆಯ ಪ್ರಕಾರ ಕ್ಷಮೆ ಕೇಳಿದ ಮಾತ್ರಕ್ಕೇ ನಿರ್ಲಕ್ಷ್ಯವನ್ನು ಒಪ್ಪಿಕೊಂಡಂತಾಗುವುದಿಲ್ಲ. ಕೆನಡಾದ ಅನೇಕ ಪ್ರಾಂತ್ಯಗಳಲ್ಲಿ ಕ್ಷಮೆಯ ಬಗ್ಗೆಯೇ ಪ್ರತ್ಯೇಕ ಕಾಯ್ದೆಗಳಿವೆ. ಹಾಂಗ್‌ಕಾಂಗ್ 2017ರಲ್ಲಿ ಅಂಥದ್ದೊಂದನ್ನು ಜಾರಿಗೆ ತಂದಿತು. ಎಲ್ಲೆಡೆಯೂ ಹೀಗಿಲ್ಲ. ಆದ್ದರಿಂದ ವಕೀಲರನ್ನು ‘ಮಾತನಾಡಬಹುದೇ’ ಎಂದು ಕೇಳಬೇಡಿ, ಹಾಗೆ ಕೇಳಿದರೆ ಬೇಡವೆನ್ನುವುದು ಅವರ ವೃತ್ತಿಧರ್ಮ. ನೀವು ಹೇಳಬೇಕೆಂದಿರುವ ಆರು ವಾಕ್ಯಗಳನ್ನು ಅವರ ಮುಂದಿಟ್ಟು, ‘ಇದರಲ್ಲಿ ಯಾವ ಪದ ಅಪಾಯಕಾರಿ, ಅದಕ್ಕೆ ಬದಲು ಯಾವುದನ್ನು ಬಳಸಲಿ’ ಎಂದು ಕೇಳಿ. ಹೀಗೆ ಕೇಳಿದಾಗ ಒಳ್ಳೆಯ ವಕೀಲರು ಅರ್ಧ ಗಂಟೆಯಲ್ಲಿ ತಿದ್ದಿಕೊಟ್ಟದ್ದನ್ನು ನಾನು ಅನೇಕ ಸಲ ಕಂಡಿದ್ದೇನೆ.

2008ರ ಆಗಸ್ಟ್‌ನಲ್ಲಿ ಕೆನಡಾದ ಮೇಪಲ್ ಲೀಫ್ ಫುಡ್ಸ್ ಕಂಪನಿಯ ಟೊರಾಂಟೊ ಕಾರ್ಖಾನೆಯ ಮಾಂಸದಲ್ಲಿ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಸೇರಿ 20ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಮುಖ್ಯಸ್ಥ ಮೈಕೆಲ್ ಮೆಕೇನ್ ಕಾರ್ಖಾನೆಯನ್ನು ಮುಚ್ಚಿಸಿದರು, ದೂರದರ್ಶನದಲ್ಲಿ ನೇರವಾಗಿ ಕ್ಷಮೆ ಕೇಳಿದರು, ತಪ್ಪು ಸರ್ಕಾರಿ ತಪಾಸಣೆಯದಲ್ಲ, ತಮ್ಮದು ಎಂದರು, ಈ ವಿಷಯದಲ್ಲಿ ತಾವು ವಕೀಲರ ಮಾತನ್ನೂ ಲೆಕ್ಕಪತ್ರದವರ ಮಾತನ್ನೂ ಕೇಳುತ್ತಿಲ್ಲ ಎಂದೂ ಬಹಿರಂಗವಾಗಿ ಹೇಳಿದರು. ಕಂಪನಿ ಮುಳುಗಲಿಲ್ಲ. ಸಂತ್ರಸ್ತರ ಸಾಮೂಹಿಕ ಮೊಕದ್ದಮೆ ಎಳೆದಾಡದೆ ಕೆಲವೇ ತಿಂಗಳಲ್ಲಿ ಪರಿಹಾರದ ಒಪ್ಪಂದಕ್ಕೆ ಬಂತು. ಎಲ್ಲರೂ ವಕೀಲರನ್ನು ಬದಿಗಿಡಬೇಕೆಂದು ನಾನು ಹೇಳಲಾರೆ. ಆದರೆ ಹೊಣೆ ಒಪ್ಪಿಕೊಂಡರೆ ಕಂಪನಿ ಉಳಿಯುವುದೇ ಇಲ್ಲ ಎನ್ನುವವರ ಮುಂದೆ ಈ ಪ್ರಕರಣವನ್ನು ಇಡಬಹುದು.

ಹಾಗಾದರೆ ಕ್ಷಮೆಯಲ್ಲಿ ಏನಿರಬೇಕು? ರಾಯ್ ಲೆವಿಕಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕ್ಷಮೆಯಾಚನೆಯ ಆರು ಅಂಶಗಳನ್ನು ಬಿಡಿಸಿ ನೋಡಿದ್ದಾರೆ: ವಿಷಾದ, ಏನಾಯಿತೆಂಬ ವಿವರಣೆ, ಹೊಣೆಯ ಒಪ್ಪಿಗೆ, ಮತ್ತೆ ಹೀಗಾಗದೆಂಬ ಮಾತು, ಹಾನಿ ಸರಿಪಡಿಸುವ ಭರವಸೆ, ಕ್ಷಮಿಸಿ ಎಂಬ ಕೋರಿಕೆ. ಕೇಳುವವರಿಗೆ ಅತಿ ಮುಖ್ಯವೆನಿಸಿದ್ದು ಹೊಣೆಯ ಒಪ್ಪಿಗೆ, ಅದರ ಬಳಿಕ ಸರಿಪಡಿಸುವ ಭರವಸೆ. ಎಲ್ಲಕ್ಕಿಂತ ಕಡಿಮೆ ಬೆಲೆ ಸಿಕ್ಕಿದ್ದು ಕ್ಷಮಿಸಿ ಎಂಬ ಕೋರಿಕೆಗೆ. ಕಂಪನಿಗಳ ಕ್ಷಮಾಪತ್ರಗಳನ್ನು ಈ ಕಣ್ಣಿನಿಂದ ನೋಡಿದರೆ, ಬಹುಪಾಲು ಪತ್ರಗಳಲ್ಲಿ ಕಡಿಮೆ ಬೆಲೆಯದ್ದೇ ತುಂಬಿರುತ್ತದೆ. ‘ಯಾರಿಗಾದರೂ ನೋವಾಗಿದ್ದರೆ’ ಎಂಬ ಪದಪುಂಜವನ್ನಂತೂ ಪೂರ್ತಿ ಬಿಟ್ಟುಬಿಡಿ. ಕೈ ಸುಟ್ಟವರಿಗೆ ನೋವಾಗಿದೆ, ಅಲ್ಲಿ ‘ದ್ದರೆ’ ಎಂಬುದಕ್ಕೆ ಎಡೆಯಿಲ್ಲ.

ಎಲ್ಲ ಬಿಕ್ಕಟ್ಟಿಗೂ ಒಂದೇ ಪ್ರಮಾಣದ ಕ್ಷಮೆ ಬೇಕಿಲ್ಲ. ಈ ವಿಷಯದಲ್ಲಿ ಬಹುಕಾಲ ಸಂಶೋಧನೆ ನಡೆಸಿದ ಟಿಮೊಥಿ ಕೂಂಬ್ಸ್ ಬಿಕ್ಕಟ್ಟುಗಳನ್ನು ಮೂರು ಗುಂಪಾಗಿ ನೋಡುತ್ತಾರೆ. ಸಂಸ್ಥೆಯೇ ಬಲಿಪಶುವಾದವು, ಉದ್ದೇಶವಿಲ್ಲದೆ ಆಕಸ್ಮಿಕವಾಗಿ ನಡೆದವು, ತಡೆಯಬಹುದಾಗಿದ್ದರೂ ತಡೆಯದೆ ಹೋದವು. ಹೊಣೆ ಹೆಚ್ಚಿದಂತೆ ಉತ್ತರವೂ ರಕ್ಷಣೆಯಿಂದ ಪರಿಹಾರದ ಕಡೆಗೆ, ಪೂರ್ಣ ಕ್ಷಮೆಯ ಕಡೆಗೆ ಸಾಗಬೇಕು. ಇದೇ ಬಗೆಯ ಘಟನೆ ಹಿಂದೆಯೂ ನಡೆದಿದ್ದರೆ ಜನ ಆಕಸ್ಮಿಕವನ್ನೂ ನಿರ್ಲಕ್ಷ್ಯವೆಂದೇ ಎಣಿಸುತ್ತಾರೆ ಎಂಬುದು ಅವರ ಮತ್ತೊಂದು ಮುಖ್ಯ ಮಾತು. ಯಾರಿಗೂ ಪೆಟ್ಟಾಗದ ಪ್ರಸಂಗಗಳಲ್ಲಿ ಹಗುರವಾದ ಧಾಟಿಯೂ ಒಪ್ಪುತ್ತದೆ: 2018ರ ಫೆಬ್ರುವರಿಯಲ್ಲಿ ಸರಬರಾಜು ಕಂಪನಿಯ ಬದಲಾವಣೆಯಿಂದ ಬ್ರಿಟನ್ನಿನಲ್ಲಿ ಕೋಳಿಯೇ ಬಾರದೆ ನೂರಾರು ಮಳಿಗೆಗಳನ್ನು ಮುಚ್ಚಬೇಕಾದಾಗ, ಕೆಎಫ್‌ಸಿ ತನ್ನ ಹೆಸರಿನ ಮೂರು ಅಕ್ಷರಗಳನ್ನು ಅದಲುಬದಲು ಮಾಡಿ ತನ್ನನ್ನೇ ಬೈದುಕೊಂಡಂತೆ ಪತ್ರಿಕೆಗಳಲ್ಲಿ ಪುಟದಗಲದ ಕ್ಷಮೆ ಪ್ರಕಟಿಸಿತು, ಜನ ಮೆಚ್ಚಿದರು. ನಿಮ್ಮ ಪ್ರಸಂಗದಲ್ಲಿ ಒಬ್ಬರ ಕೈ ಸುಟ್ಟಿದೆ. ಆ ದಾರಿ ನಿಮಗಿಲ್ಲ.

ಆರೋಪವೇ ಸುಳ್ಳಾಗಿದ್ದರೆ ಏನು ಮಾಡಬೇಕೆಂದು ನೀವು ಕೇಳಿಲ್ಲ, ಆದರೂ ನಿಮ್ಮ ಆಡಳಿತ ಮಂಡಳಿಯಲ್ಲಿ ಯಾರಾದರೂ ‘ಆ ವಿಡಿಯೊ ನಕಲಿ ಇರಬಹುದು’ ಎಂದಿರುವ ಸಾಧ್ಯತೆ ಹೆಚ್ಚು. 1993ರ ಜೂನ್‌ನಲ್ಲಿ ಅಮೆರಿಕದಲ್ಲಿ ಪೆಪ್ಸಿ ಡಬ್ಬಿಗಳಲ್ಲಿ ಸಿರಿಂಜ್ ಸಿಕ್ಕಿತೆಂಬ ದೂರು ಒಂದು ಊರಿನಿಂದ ಆರಂಭವಾಗಿ ಕೆಲವೇ ದಿನಗಳಲ್ಲಿ ಹಲವು ರಾಜ್ಯಗಳಿಗೆ ಹಬ್ಬಿತು. ಕಂಪನಿ ಡಬ್ಬಿಗಳನ್ನು ಹಿಂಪಡೆಯಲಿಲ್ಲ. ಬೇರೆ ಬೇರೆ ಕಡೆ, ಬೇರೆ ಬೇರೆ ಕಾಲದಲ್ಲಿ ತುಂಬಿದ ಡಬ್ಬಿಗಳಲ್ಲಿ ಒಟ್ಟಿಗೇ ಹೀಗಾಗುವುದು ಅಸಾಧ್ಯವೆಂಬುದನ್ನು ವಿವರಿಸಿತು, ಡಬ್ಬಿಗಳು ಅತಿವೇಗದಲ್ಲಿ ತಲೆಕೆಳಗಾಗಿ ತಿರುಗಿ ಕ್ಷಣಮಾತ್ರ ತೆರೆದಿದ್ದು ಮುಚ್ಚಿಕೊಳ್ಳುವ ದೃಶ್ಯಗಳನ್ನು ದೂರದರ್ಶನಕ್ಕೆ ಕೊಟ್ಟಿತು, ಅಂಗಡಿಯೊಂದರ ಕ್ಯಾಮೆರಾದಲ್ಲಿ ಮಹಿಳೆಯೊಬ್ಬರು ತಾವೇ ಸಿರಿಂಜ್ ಹಾಕುತ್ತಿದ್ದುದು ಸೆರೆಯಾದಾಗ ಅದನ್ನೂ ತೋರಿಸಿತು. ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯ ಮುಖ್ಯಸ್ಥ ಡೇವಿಡ್ ಕೆಸ್ಲರ್ ಕಂಪನಿಯ ಜೊತೆ ನಿಂತು ಮಾತನಾಡಿದ್ದು ಎಲ್ಲಕ್ಕಿಂತ ಹೆಚ್ಚು ತೂಕದ್ದಾಗಿತ್ತು. ನಿರಾಕರಿಸುವ ಹಕ್ಕು ಸಿಗುವುದು ಹೀಗೆ, ಕಣ್ಣಿಗೆ ಕಾಣುವ ಪುರಾವೆ ಮತ್ತು ಹೊರಗಿನವರ ಸಾಕ್ಷ್ಯ ಕೈಯಲ್ಲಿದ್ದಾಗ. ಅವೆರಡೂ ಇಲ್ಲದೆ ‘ನಕಲಿ’ ಎಂಬ ಪದವನ್ನು ಬಾಯಿಗೆ ತಂದುಕೊಂಡರೆ ಗಾಯಗೊಂಡವರನ್ನು ಸುಳ್ಳರೆಂದು ಕರೆದಂತಾಗುತ್ತದೆ. ಅದು ಸುಟ್ಟ ಗಾಯದ ಮೇಲೆ ಬರೆ ಎಳೆದಂತೆ.

ಕಾರಣವನ್ನು ಹೇಳುವ ವಿಷಯದಲ್ಲಿ ಆತುರ ಎಷ್ಟು ದುಬಾರಿ ಎಂಬುದಕ್ಕೆ ಸ್ಯಾಮ್ಸಂಗ್ ಗ್ಯಾಲಕ್ಸಿ ನೋಟ್ 7 ಸಾಕ್ಷಿ. 2016ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಈ ಫೋನುಗಳು ಹೊತ್ತಿಕೊಳ್ಳತೊಡಗಿದಾಗ ಕಂಪನಿ ಸೆಪ್ಟೆಂಬರ್ 2ರಂದು ಸುಮಾರು 25 ಲಕ್ಷ ಫೋನುಗಳನ್ನು ಬದಲಿಸಿಕೊಡುವುದಾಗಿ ಹೇಳಿತು. ವೇಗ ಮೆಚ್ಚುವಂಥದ್ದೇ. ಆದರೆ ದೋಷ ಒಬ್ಬ ಪೂರೈಕೆದಾರರ ಬ್ಯಾಟರಿಯಲ್ಲಿ ಮಾತ್ರವಿದೆ ಎಂದು ನಂಬಿ ಮತ್ತೊಬ್ಬರ ಬ್ಯಾಟರಿ ಹಾಕಿ ಕೊಟ್ಟ ಫೋನುಗಳೂ ಹೊತ್ತಿಕೊಂಡವು, ಅಕ್ಟೋಬರ್‌ನಲ್ಲಿ ಆ ಮಾದರಿಯನ್ನೇ ನಿಲ್ಲಿಸಬೇಕಾಯಿತು. ಬಳಿಕ ಕಂಪನಿ ಮಾಡಿದ ಕೆಲಸ ಮಾದರಿಯೋಗ್ಯ. ಎರಡು ಲಕ್ಷ ಫೋನುಗಳನ್ನೂ 30,000 ಬ್ಯಾಟರಿಗಳನ್ನೂ ಪರೀಕ್ಷಿಸಿ, ಹೊರಗಿನ ಸ್ವತಂತ್ರ ಪರೀಕ್ಷಾ ಸಂಸ್ಥೆಗಳಿಂದಲೂ ತನಿಖೆ ಮಾಡಿಸಿ, 2017ರ ಜನವರಿ 23ರಂದು ಆ ಸಂಸ್ಥೆಗಳ ತಜ್ಞರನ್ನೇ ವೇದಿಕೆಗೆ ಕರೆತಂದು, ಎರಡು ಬ್ಯಾಟರಿಗಳಲ್ಲಿದ್ದ ಎರಡು ಬೇರೆ ಬೇರೆ ದೋಷಗಳನ್ನು ಬಿಡಿಸಿ ಹೇಳಿತು. ಇದಕ್ಕೆ ತದ್ವಿರುದ್ಧವಾದದ್ದು ಫೋಕ್ಸ್‌ವ್ಯಾಗನ್ ಕಥೆ. ಹೊಗೆ ಪರೀಕ್ಷೆಯನ್ನು ವಂಚಿಸುವ ತಂತ್ರಾಂಶವನ್ನು ಸುಮಾರು 1.1 ಕೋಟಿ ವಾಹನಗಳಲ್ಲಿ ಅಳವಡಿಸಿದ್ದು 2015ರ ಸೆಪ್ಟೆಂಬರ್‌ನಲ್ಲಿ ಬಯಲಾಗಿ, ಆಗಿನ ಮುಖ್ಯಸ್ಥರು ರಾಜೀನಾಮೆ ಕೊಟ್ಟಿದ್ದರು. 2016ರ ಜನವರಿಯಲ್ಲಿ ಹೊಸ ಮುಖ್ಯಸ್ಥ ಮಥಿಯಾಸ್ ಮುಲ್ಲರ್ ರೇಡಿಯೊ ಸಂದರ್ಶನವೊಂದರಲ್ಲಿ ಇದು ತಾಂತ್ರಿಕ ಸಮಸ್ಯೆ, ತಾವು ಸುಳ್ಳು ಹೇಳಿಲ್ಲ ಎಂದುಬಿಟ್ಟರು. ಅದುವರೆಗೆ ಕೇಳಿದ್ದ ಕ್ಷಮೆಗೆಲ್ಲ ಆ ಒಂದು ಮಾತು ನೀರು ಸುರಿಯಿತು.

ಸಾಮಾಜಿಕ ಜಾಲತಾಣಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಒಂದೊಂದು ಟೀಕೆಗೂ ವಾದಿಸಲು ಹೋಗಬೇಡಿ; ಸುರಕ್ಷತೆಯ ಬಗ್ಗೆ ಕೇಳಿದ ಪ್ರತಿಯೊಬ್ಬರಿಗೂ ಉತ್ತರಿಸಿ. ಟೀಕೆಗಳನ್ನು ಅಳಿಸಬೇಡಿ. ಮೊದಲೇ ನಿಗದಿಪಡಿಸಿದ್ದ ಜಾಹೀರಾತುಗಳನ್ನು ಕೂಡಲೇ ನಿಲ್ಲಿಸಿ. ಇದಕ್ಕಿಂತ ದೊಡ್ಡ ಕೆಲಸ ಇರುವುದು ನಿಮ್ಮ ಸಹಾಯವಾಣಿಯಲ್ಲಿ ಫೋನ್ ಎತ್ತುವವರಲ್ಲಿ ಮತ್ತು ಮನೆಮನೆಗೆ ಹೋಗುವ ಸೇವಾ ಸಿಬ್ಬಂದಿಯಲ್ಲಿ. ಗ್ರಾಹಕರ ಪಾಲಿಗೆ ಕಂಪನಿಯೆಂದರೆ ಅವರೇ. ಪತ್ರಿಕೆಗೆ ಹೇಳಿಕೆ ಹೋಗುವ ಮೊದಲು ಅದೇ ಮಾಹಿತಿ ಅವರ ಕೈಗೆ ತಲುಪಿರಬೇಕು. ‘ನಮಗೇನೂ ಗೊತ್ತಿಲ್ಲ, ನಾವೂ ಟೀವಿಯಲ್ಲಿ ನೋಡಿದ್ದು’ ಎಂದು ಸೇವಾ ಸಿಬ್ಬಂದಿಯೊಬ್ಬರು ಹೇಳಿದರೆ, ಹೇಳಿಕೆಯ ಎರಡು ಪುಟಗಳೂ ವ್ಯರ್ಥ.

ಮುಂದಿನ ದಿನಗಳಿಗಾಗಿ ಬೇಕಾದ ಸಿದ್ಧತೆಯಲ್ಲಿ ನಾನು ಒತ್ತಿ ಹೇಳುವುದು ಒಂದೇ. ರಾತ್ರಿ ಎರಡು ಗಂಟೆಗೆ ಉತ್ಪನ್ನದ ಮಾರಾಟ ನಿಲ್ಲಿಸುವ ಅಧಿಕಾರ ಯಾರಿಗಿದೆ ಎಂಬುದನ್ನು ಶಾಂತ ಕಾಲದಲ್ಲಿಯೇ ಕಾಗದದ ಮೇಲೆ ಬರೆದಿಡಿ. ಅನೇಕ ಕಂಪನಿಗಳಲ್ಲಿ ನಾಲ್ಕು ದಿನದ ಮೌನಕ್ಕೆ ಕಾರಣ ಕೆಟ್ಟ ಉದ್ದೇಶವಾಗಿರುವುದಿಲ್ಲ. ಹಣ ನಷ್ಟವಾಗುವ ತೀರ್ಮಾನಕ್ಕೆ ಸಹಿ ಹಾಕುವವರು ಯಾರೆಂಬುದೇ ಗೊತ್ತಿರುವುದಿಲ್ಲ. ವರ್ಷಕ್ಕೆ ಎರಡು ಸಲ ಅಣಕು ಅಭ್ಯಾಸ ನಡೆಸಿ, ಅದರಲ್ಲಿ ಮುಖ್ಯಸ್ಥರು, ವಕೀಲರು, ಕಾರ್ಖಾನೆಯ ಎಂಜಿನಿಯರ್, ಸಹಾಯವಾಣಿಯ ಮೇಲ್ವಿಚಾರಕರು ಒಂದೇ ಕೋಣೆಯಲ್ಲಿ ಕೂರಲಿ. ಬೆಂಕಿ ಬಿದ್ದಾಗ ಬಾವಿ ತೋಡಲಾಗದು.

ಇನ್ನು ಈ ವಾರ ನೀವು ಮಾಡಬಹುದಾದದ್ದು. ಐದು ದಿನ ಕಳೆದಿರುವುದರಿಂದ ಎಲ್ಲ ಮುಗಿಯಿತೆಂದು ಭಾವಿಸಬೇಡಿ. ಮೊದಲು ಮುಖ್ಯಸ್ಥರಿಂದ ಮೂರು ತೀರ್ಮಾನಗಳನ್ನು ಪಡೆಯಿರಿ: ತನಿಖೆ ಮುಗಿಯುವವರೆಗೆ ಆ ಮಾದರಿಯ ಮಾರಾಟ ನಿಲ್ಲಬೇಕು, ಕೊಂಡವರಿಗೆ ಹಣ ವಾಪಸ್ಸು ಅಥವಾ ಬದಲಿ ಉಪಕರಣ ಸಿಗಬೇಕು, ಪರೀಕ್ಷೆಯನ್ನು ಹೊರಗಿನ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಒಪ್ಪಿಸಬೇಕು. ಸಂಬಂಧಪಟ್ಟ ನಿಯಂತ್ರಣ ಸಂಸ್ಥೆಗೆ ನೀವಾಗಿಯೇ ತಿಳಿಸಿ. ಗಾಯಗೊಂಡವರ ಮನೆಗೆ ಮುಖ್ಯಸ್ಥರು ಕ್ಯಾಮೆರಾ ಇಲ್ಲದೆ, ಅವರು ಒಪ್ಪಿದರೆ ಮಾತ್ರ, ಹೋಗಲಿ. ಆ ಭೇಟಿಯ ಫೋಟೊ ಬೇಡ. ಇಷ್ಟಾದ ಮೇಲೆ ಹಳೆಯ ಎರಡು ಪುಟಗಳ ಬದಲು ಮುಖ್ಯಸ್ಥರ ಸಹಿಯಲ್ಲಿ ಹೀಗೊಂದು ಹೇಳಿಕೆ ಹೊರಡಲಿ: ‘ನಮ್ಮ ಉಪಕರಣ ಬಳಸುವಾಗ ಒಬ್ಬರಿಗೆ ಸುಟ್ಟ ಗಾಯವಾಗಿದೆ. ಅವರಲ್ಲಿ ನಾವು ಕ್ಷಮೆ ಕೇಳಿದ್ದೇವೆ, ಅವರ ಚಿಕಿತ್ಸೆಯ ಹೊಣೆ ನಮ್ಮದು. ನಾಲ್ಕು ದಿನ ನಾವು ಏನನ್ನೂ ಹೇಳದಿದ್ದದ್ದು ತಪ್ಪು. ನಿಮ್ಮ ಬಳಿ ಈ ಮಾದರಿ ಇದ್ದರೆ ದಯವಿಟ್ಟು ಇಂದೇ ಬಳಸುವುದನ್ನು ನಿಲ್ಲಿಸಿ, ಈ ಸಂಖ್ಯೆಗೆ ಕರೆ ಮಾಡಿ, ರಸೀದಿ ಇಲ್ಲದಿದ್ದರೂ ಹಣ ಮರಳಿಸುತ್ತೇವೆ. ಬೆಂಕಿಯ ಕಾರಣ ಇನ್ನೂ ಗೊತ್ತಾಗಿಲ್ಲ. ಸ್ವತಂತ್ರ ಪ್ರಯೋಗಾಲಯ ಪರೀಕ್ಷಿಸುತ್ತಿದೆ, ಅದರ ವರದಿಯನ್ನು ಪೂರ್ತಿಯಾಗಿ ಪ್ರಕಟಿಸುತ್ತೇವೆ. ಮುಂದಿನ ಮಾಹಿತಿಯನ್ನು ಶುಕ್ರವಾರ ಸಂಜೆ ಐದು ಗಂಟೆಗೆ ಕೊಡುತ್ತೇವೆ.’ ಇದರಲ್ಲಿ ಪ್ರತಿ ಪದವನ್ನೂ ನಿಮ್ಮ ವಕೀಲರಿಗೆ ತೋರಿಸಿ, ಅಗತ್ಯವಿದ್ದಲ್ಲಿ ತಿದ್ದಿಸಿಕೊಳ್ಳಿ. ಶುಕ್ರವಾರ ಸಂಜೆಯ ಹೊತ್ತಿಗೆ ವರದಿ ಬಂದಿರದಿದ್ದರೆ, ಇನ್ನೂ ಬಂದಿಲ್ಲ ಎಂಬುದನ್ನು ಅದೇ ಐದು ಗಂಟೆಗೆ ತಿಳಿಸಿ.